ಎಂಟನೇ ರೌಂಡಿನ ಟವೆಲು

ಚಂದ್ರಲೇಖಾಳ ಗುದ್ದಿನಲ್ಲಿ ನೋವೇ ಇಲ್ಲ ಎಂಬ ಮಾತು ಹೊಸೂರಿನ ಪಕ್ಕದ ಮತ್ತಿಗಿರಿಯ ಬಾಕ್ಸಿಂಗ್ ಶೆಡ್ಡಿನಲ್ಲಿ ಬಹಳ ದಿನದಿಂದ ಇತ್ತು. ಹೇಳುವವರು ಹೀಯಾಳಿಸಿ ಹೇಳುತ್ತಿರಲಿಲ್ಲ. ಅವಳ ಕೈ ಎಷ್ಟು ಬೇಗ ಹೋಗುತ್ತಿತ್ತೋ ಅಷ್ಟೇ ಬೇಗ ವಾಪಸು ಬರುತ್ತಿತ್ತು. ಏಟು ತಾಗಿದ್ದು ಎದುರಾಳಿಗೆ ಗೊತ್ತಾಗುವಷ್ಟರಲ್ಲಿ ಅವಳು ಪಕ್ಕಕ್ಕೆ ಸರಿದಿರುತ್ತಿದ್ದಳು. ಅಮೆಚೂರ್ ಬಾಕ್ಸಿಂಗಿಗೆ ಅದು ಸಾಕು. ಮೂರು ಮೂರು ನಿಮಿಷದ ಮೂರು ರೌಂಡು, ತಲೆಗೆ ಹೆಡ್‌ಗಾರ್ಡು, ರಿಂಗಿನ ಸುತ್ತ ಐದು ಜನ ಜಡ್ಜುಗಳು. ಗ್ಲೌಸಿನ ಗೆಣ್ಣಿನ ಭಾಗ ಯಾರದು ಹೆಚ್ಚು ಸಲ ಸ್ವಚ್ಛವಾಗಿ ತಾಗಿತೋ ರೌಂಡು ಅವರದು. ಎದುರಾಳಿ ಒಂದು ಸಲ ನೆಲಕ್ಕೆ ಬಿದ್ದರೂ ಅದಕ್ಕೆಂದೇ ಬೇರೆ ಅಂಕವಿಲ್ಲ.

ಶೆಡ್ಡು ಹನುಮಂತರಾಯಪ್ಪನವರದು. ದೊಡ್ಡಬಳ್ಳಾಪುರದ ಕಡೆಯವರು. ಸೈನ್ಯದಲ್ಲಿ ಬಾಕ್ಸಿಂಗ್ ಕಲಿತು, ನಿವೃತ್ತರಾದ ಮೇಲೆ ಹೊಸೂರಿನ ಒಂದು ಕಾರ್ಖಾನೆಗೆ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ಬಂದು ಇಲ್ಲೇ ನಿಂತುಬಿಟ್ಟವರು. ಹೆಂಡತಿ ತೀರಿಕೊಂಡ ಮೇಲೆ ಮನೆಗಿಂತ ಹೆಚ್ಚು ಹೊತ್ತು ಶೆಡ್ಡಿನಲ್ಲೇ ಇರುತ್ತಿದ್ದರು. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು.

ಚಂದ್ರಲೇಖಾ, ಶೆಡ್ಡಿನವರ ಬಾಯಲ್ಲಿ ಬರೀ ಲೇಖಾ, ತಳಿ ಎಂಬ ಊರಿನ ಕಡೆಯ ಹಳ್ಳಿಯವಳು. ಸ್ಕೂಟರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಮತ್ತಿಗಿರಿಯಲ್ಲಿ ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಾಗ, ಫಸ್ಟ್ ಶಿಫ್ಟು ಮುಗಿಸಿ ಬರುವ ದಾರಿಯಲ್ಲಿ ಆ ಶೆಡ್ಡು ಸಿಗುತ್ತಿತ್ತು. ಒಳಗಿನಿಂದ ಬರುವ ಧಪಧಪ ಸದ್ದು ಏನೆಂದು ನೋಡಲು ನಿಂತವಳು ಮಾರನೆಯ ದಿನವೂ ನಿಂತಳು. ಒಳಗೆ ಬಾ ಎಂದು ಕರೆದವರು ಮಾಸ್ಟ್ರೇ. ವರ್ಷ ಕಳೆಯುವುದರೊಳಗೆ ಅವಳು ಜಿಲ್ಲೆಯಲ್ಲಿ ಗೆದ್ದಳು. ಆಮೇಲೆ ಅದೇ ಶೆಡ್ಡಿಗೆ ಗೆಳೆಯನ ಜೊತೆ ಬಂದಿದ್ದ ಮುನೀಶನನ್ನು ಮದುವೆಯೂ ಆದಳು. ಮುನೀಶ ಅಂಚೆಟ್ಟಿಯಾಚೆಯ ನಾಟ್ರಾಂಪಾಳ್ಯದವನು, ಲೇತ್ ಮೆಷಿನ್ ಕೆಲಸದವನು. ಅವನಿಗೆ ಬಾಕ್ಸಿಂಗ್ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ಹೆಂಡತಿ ಆಡುವುದನ್ನು ಫೋನಿನಲ್ಲಿ ಹಿಡಿದು ಊರಿಗೆ ಕಳಿಸುವುದು ಮಾತ್ರ ಅವನಿಗೆ ಇಷ್ಟದ ಕೆಲಸವಾಗಿತ್ತು.

ರಾಜ್ಯಮಟ್ಟದಲ್ಲಿ ಅವಳಿಗೆ ಯಾವಾಗಲೂ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಐವರಲ್ಲಿ ಮೂವರು ಆ ಕಡೆ, ಇಬ್ಬರು ಈ ಕಡೆ. ಕೊಯಮತ್ತೂರಿನ ಕೊನೆಯ ಫೈನಲ್ಲಿನಲ್ಲೂ ಹಾಗೆಯೇ ಆಯಿತು. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಮಾಸ್ಟ್ರಿಗೆ ತನ್ನ ತೊಂದರೆ ಏನೆಂದು ಮೊದಲ ಸಲ ಬಿಡಿಸಿ ಹೇಳಿದಳು. ಎದುರಿನವಳು ಹೇಗೆ ಆಡುತ್ತಾಳೆ, ಯಾವ ಕಾಲು ಮುಂದಿಟ್ಟಾಗ ಯಾವ ಕೈ ಬರುತ್ತದೆ ಎಂಬುದು ತನಗೆ ಮೂರನೆಯ ರೌಂಡಿನ ಹೊತ್ತಿಗೆ ತಿಳಿಯುತ್ತದೆ, ತಿಳಿಯುವ ಹೊತ್ತಿಗೆ ಗಂಟೆ ಹೊಡೆದುಬಿಡುತ್ತದೆ ಎಂದಳು. ಪ್ರೊಫೆಷನಲ್ ಆಗಿ ಆಡುತ್ತೇನೆ ಎಂದೂ ಹೇಳಿದಳು. ಅಲ್ಲಿ ಹೆಂಗಸರಿಗೆ ರೌಂಡು ಎರಡೇ ನಿಮಿಷ. ಆದರೆ ನಾಲ್ಕು, ಆರು, ಎಂಟು ರೌಂಡು ಇರುತ್ತವೆ. ತನಗೆ ಬೇಕಾದ ಹೊತ್ತು ಅಲ್ಲಿ ಸಿಗುತ್ತದೆ ಎಂಬುದು ಅವಳ ಆಸೆ.

ಹನುಮಂತರಾಯಪ್ಪನವರಿಗೆ ಅದು ಹಿಡಿಸಲಿಲ್ಲ. ಅಲ್ಲಿ ಹೆಡ್‌ಗಾರ್ಡ್ ಇಲ್ಲ, ಗ್ಲೌಸು ತೆಳು, ಜಡ್ಜುಗಳು ಮೂವರೇ, ಅವರು ತಾಗಿದ್ದನ್ನು ನೋಡುವುದಕ್ಕಿಂತ ನೋಯಿಸಿದ್ದನ್ನು ನೋಡುತ್ತಾರೆ ಎಂದರು. ಬಿದ್ದರೆ ರೌಂಡಿನ ಜೊತೆಗೆ ಇನ್ನೊಂದು ಅಂಕವೂ ಹೋಗುತ್ತದೆ. ಅಮೆಚೂರಿನಲ್ಲಿ ಸ್ವಲ್ಪ ತೂರಾಡಿದರೂ ರೆಫರಿ ಮಧ್ಯೆ ಬಂದು ಎಣಿಸುತ್ತಾನೆ, ಅಲ್ಲಿ ಅಷ್ಟು ಬೇಗ ಬರುವುದಿಲ್ಲ. ನಿನ್ನ ಗುದ್ದಿಗೆ ಅಲ್ಲಿ ಬೆಲೆಯಿಲ್ಲ ಕಣಮ್ಮ ಎಂದು ಖಂಡಿತವಾಗಿ ಹೇಳಿದರು.

ಅವಳು ಒಂದಷ್ಟು ದಿನ ಬೆಂಗಳೂರಿನ ಯಾವುದೋ ಜಿಮ್ಮಿಗೆ ಹೋಗಿ ಬಂದಳು. ಒಂದು ಭಾನುವಾರ ಕಣ್ಣು ಊದಿಸಿಕೊಂಡು ಶೆಡ್ಡಿನ ಮುಂದೆ ಹೋಗುತ್ತಿದ್ದಾಗ ಮಾಸ್ಟ್ರು ನೋಡಿದರು. ಅಲ್ಲಿ ಗಂಡಸರ ಜೊತೆ ಆಡಿಸುತ್ತಾರಂತೆ. ಅವರು ಬೈಯಲಿಲ್ಲ. ಐಸು ತರಿಸಿ ಕಣ್ಣಿಗೆ ಹಿಡಿದು, ಹಾಳಾಗುವುದೇ ಆದರೆ ನನ್ನ ಶೆಡ್ಡಿನಲ್ಲೇ ಹಾಳಾಗು ಎಂದರು.

ಹೀಗೆ ಅರವತ್ತು ದಾಟಿದ ಮಾಸ್ಟ್ರು ಮತ್ತು ಮೂವತ್ತಕ್ಕೆ ಹತ್ತಿರವಾದ ಶಿಷ್ಯೆ ಇಬ್ಬರೂ ಹೊಸ ಪಾಠ ಶುರುಮಾಡಿದರು. ಗುದ್ದಿನ ಬಲ ಭುಜದಲ್ಲಿಲ್ಲ, ಹಿಮ್ಮಡಿಯಿಂದ ಎದ್ದು ಸೊಂಟ ತಿರುಗಿ ಕೈಗೆ ಬರುತ್ತದೆ. ಅದಕ್ಕೆ ಒಂದು ಗಳಿಗೆ ಕಾಲೂರಿ ನಿಲ್ಲಬೇಕು. ಲೇಖಾಳಿಗೆ ನಿಲ್ಲುವುದೇ ಕಷ್ಟ. ವರ್ಷಗಟ್ಟಲೆ ತಾಗಿಸಿ ಓಡುವುದನ್ನು ಕಲಿತ ಕಾಲುಗಳು ಊರಿ ನಿಂತರೆ ಬಯಲಿನಲ್ಲಿ ಬಟ್ಟೆಯಿಲ್ಲದೆ ನಿಂತಂತಾಗುತ್ತಿತ್ತು ಅವಳಿಗೆ. ಉಸಿರಿನದು ಇನ್ನೊಂದು ಕಷ್ಟ. ಮೂರು ರೌಂಡಿನಲ್ಲಿ ಇದ್ದುದನ್ನೆಲ್ಲ ಸುರಿದುಬಿಡುವ ಅಭ್ಯಾಸ ಅವಳದು. ಮಾಸ್ಟ್ರು ಕೆಲವು ರೌಂಡು ಅವಳಿಗೆ ಹೊಡೆಯಲೇ ಬಿಡುತ್ತಿರಲಿಲ್ಲ. ಸುಮ್ಮನೆ ಸುತ್ತು, ನೋಡು, ಉಸಿರಾಡು ಎನ್ನುತ್ತಿದ್ದರು. ಅವಳು ಕೈ ಕಟ್ಟಿಹಾಕಿದವಳಂತೆ ಒದ್ದಾಡುತ್ತಿದ್ದಳು.

ಆದರೂ ಕಲಿತಳು. ನಾಲ್ಕು ರೌಂಡಿನ ಮೊದಲ ಪಂದ್ಯ ಗೆದ್ದಳು, ಆರು ರೌಂಡಿನ ಎರಡನೆಯದನ್ನೂ ಗೆದ್ದಳು. ಮೂರನೆಯದು ಎಂಟು ರೌಂಡಿನದು, ಕೃಷ್ಣಗಿರಿಯಲ್ಲಿ.

ಬಾಕ್ಸಿಂಗ್ ಹುಚ್ಚಿನ ಒಬ್ಬ ಮಾವಿನಹಣ್ಣಿನ ವ್ಯಾಪಾರಿ ಅದನ್ನು ಏರ್ಪಡಿಸಿದ್ದ. ಹೈವೇ ಪಕ್ಕದ ಕಲ್ಯಾಣಮಂಟಪದಲ್ಲಿ ಊಟದ ಮೇಜುಗಳನ್ನೆಲ್ಲ ಎತ್ತಿಸಿ ರಿಂಗು ಕಟ್ಟಿಸಿದ್ದ. ಹೆಣ್ಣು ಗಂಡು ಕೂರುವ ವೇದಿಕೆಯ ಮೇಲೆ ಡಾಕ್ಟರೂ ಜಡ್ಜುಗಳ ಅಂಕ ಕೂಡಿಸುವವರೂ ಕೂತಿದ್ದರು. ಲೇಖಾಳ ಎದುರಾಳಿ ಕಲ್ಪನಾ ಎಂಬ ಚೆನ್ನೈ ಹುಡುಗಿ. ಕುಳ್ಳಗೆ, ದುಂಡಗೆ, ಕಲ್ಲುಗುಂಡಿನಂತಿದ್ದಳು. ಅವಳ ಬಲಗೈ ಏಟಿಗೆ ಆಗಲೇ ಮೂವರು ಮಲಗಿದ್ದರು.

ಮೊದಲ ಎರಡು ರೌಂಡು ಕಲ್ಪನಾಳದಾಯಿತು. ಅವಳ ಗುದ್ದು ತೋಳಿನ ಮೇಲೆ ಬಿದ್ದರೂ ಕೈ ಜೋಮು ಹಿಡಿಯುತ್ತಿತ್ತು. ಲೇಖಾ ಮಾಸ್ಟ್ರು ಹೇಳಿದಂತೆ ಗಾಬರಿಯಾಗದೆ ಸುತ್ತಿದಳು, ನೋಡಿದಳು. ಕಲ್ಪನಾ ಬಲಗೈ ಬೀಸುವ ಮುಂಚೆ ಎಡಹೆಗಲನ್ನು ಸ್ವಲ್ಪ ಇಳಿಸುತ್ತಾಳೆಂಬುದು ಮೂರನೆಯ ರೌಂಡಿನಲ್ಲಿ ಅವಳಿಗೆ ಕಂಡಿತು. ಅಮೆಚೂರಿನಲ್ಲಾಗಿದ್ದರೆ ಅಲ್ಲಿಗೆ ಮುಗಿದಿರುತ್ತಿತ್ತು. ಇಲ್ಲಿ ಅಲ್ಲಿಂದ ಶುರುವಾಯಿತು. ಹೆಗಲು ಇಳಿದಾಗೆಲ್ಲ ಒಳಗೆ ನುಗ್ಗಿ, ಕಾಲೂರಿ, ಪಕ್ಕೆಗೆ ಹೊಡೆದಳು. ಆ ಏಟಿನ ಸದ್ದೇ ಬೇರೆ ಇತ್ತು. ಮುನೀಶ ಫೋನು ಹಿಡಿದುಕೊಂಡು ಕುರ್ಚಿಯ ತುದಿಗೆ ಬಂದಿದ್ದ. ಮೂರನೆಯದೂ ನಾಲ್ಕನೆಯದೂ ಲೇಖಾಳ ಪಾಲಾದವು.

ಐದನೆಯ ರೌಂಡು ಮುಗಿಯುತ್ತಾ ಬಂದಾಗ ಕಲ್ಪನಾಳ ಬಲಗೈ ಹೆಗಲು ಇಳಿಸದೆಯೇ ಬಂತು. ಲೇಖಾಳ ಎಡ ಕಪಾಳಕ್ಕೆ ಬಿತ್ತು. ಅವಳು ಬೀಳಲಿಲ್ಲ. ಹಗ್ಗಕ್ಕೆ ತಾಗಿ, ಸುಧಾರಿಸಿಕೊಂಡು, ಕಲ್ಪನಾಳನ್ನು ತಬ್ಬಿ ಹಿಡಿದಳು. ಗಂಟೆ ಹೊಡೆಯಿತು. ಆ ರೌಂಡು ಕಲ್ಪನಾಳದೇ.

ಆರನೆಯದಕ್ಕೆ ಎದ್ದು ಬಂದ ಲೇಖಾಳನ್ನು ನೋಡಿ ಜನ ಬೆರಗಾದರು. ಅಷ್ಟು ಚೆನ್ನಾಗಿ ಅವಳು ಎಂದೂ ಆಡಿರಲಿಲ್ಲ. ಮತ್ತೆ ಹಳೆಯ ಲೇಖಾ ಆಗಿದ್ದಳು. ತಾಗಿಸಿ ಸರಿಯುವುದು, ತಾಗಿಸಿ ಸರಿಯುವುದು. ಏಳನೆಯ ರೌಂಡಿನಲ್ಲಿ ಕಲ್ಪನಾ ಹೊಡೆದದ್ದೆಲ್ಲ ಗಾಳಿಗೇ ಹೋಯಿತು. ಎಂಟನೆಯದು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಲೇಖಾಳ ಮೂಲೆಯಿಂದ ಸೋಲೊಪ್ಪುವ ಗುರುತಿನ ಬಿಳಿಯ ಟವೆಲು ರಿಂಗಿನೊಳಗೆ ಬಂದು ಬಿತ್ತು. ಹನುಮಂತರಾಯಪ್ಪ ಹಗ್ಗ ಹಿಡಿದುಕೊಂಡು ಮೇಲೆ ಹತ್ತಿ, ಸಾಕು ಎಂದು ರೆಫರಿಗೆ ಕೈ ಬೀಸುತ್ತಿದ್ದರು. ರೆಫರಿ ಇಬ್ಬರ ನಡುವೆ ಬಂದ. ಪಂದ್ಯ ಅಲ್ಲಿಗೆ ನಿಂತಿತು. ಗೆದ್ದವಳು ಕಲ್ಪನಾ ಎಂದು ಮೈಕಿನಲ್ಲಿ ಕೂಗಿದರು.

ಟವೆಲು ಯಾವ ಮೂಲೆಯಿಂದ ಬಂತು ಎಂದೇ ಲೇಖಾಳಿಗೆ ಮೊದಲು ತಿಳಿಯಲಿಲ್ಲ. ಕಲ್ಪನಾಳ ಕಡೆಯವರು ಎಸೆದಿದ್ದಾರೆಂದುಕೊಂಡು ಕೈ ಮೇಲೆತ್ತಿದಳು. ಕಲ್ಪನಾಳಿಗೂ ಅರ್ಥವಾಗದೆ ತನ್ನ ಮೂಲೆಯನ್ನು ತಿರುಗಿ ನೋಡಿದಳು.

ಆಮೇಲೆ ಜಡ್ಜುಗಳ ಅಂಕ ಗೊತ್ತಾಯಿತು. ಏಳು ರೌಂಡು ಮುಗಿದಾಗ ಇಬ್ಬರು ಜಡ್ಜುಗಳ ಲೆಕ್ಕದಲ್ಲಿ ಲೇಖಾ ಒಂದು ಅಂಕ ಮುಂದಿದ್ದಳು. ಕೊನೆಯ ರೌಂಡು ಗೆದ್ದಿದ್ದರೆ ಪಂದ್ಯ ಅವಳದು. ಬೀಳದೆ ಸೋತಿದ್ದರೂ ಸಮವಾಗುತ್ತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಕೈಪಟ್ಟಿ ಬಿಚ್ಚುತ್ತಿದ್ದ ಮಾಸ್ಟ್ರನ್ನು ಅವಳು ಕೇಳಿದಳು.

"ನಾ ಗೆಲ್ತಿದ್ನಲ್ಲ ಮಾಸ್ಟ್ರೇ. ಯಾಕೆ ಎಸೆದ್ಬುಟ್ರಿ?"

"ಸಾಕು ಅನ್ನುಸ್ತು ಕಣಮ್ಮ," ಎಂದರು ಅವರು.

ಅವಳು ಕೈ ಎಳೆದುಕೊಂಡು ಉಳಿದ ಪಟ್ಟಿಯನ್ನು ತಾನೇ ಬಿಚ್ಚಿಕೊಂಡಳು.

ಡಾಕ್ಟರು ಹೇಳಿದ್ದಾರೆಂದು ಅವಳನ್ನು ಕೃಷ್ಣಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂದು ತಿಳಿದಾಗ ಮುನೀಶ ಗೋಡೆಗೆ ಒರಗಿ ಅತ್ತುಬಿಟ್ಟ. ಲೇಖಾಳಿಗೆ ಮಾತ್ರ ಸಿಟ್ಟು ಇನ್ನಷ್ಟು ಹೆಚ್ಚಿತು. ಏನೂ ಇಲ್ಲದ ತಲೆಗೆ ಹೆದರಿ ತನ್ನ ಪಂದ್ಯವನ್ನು ಕಳೆದರಲ್ಲ ಎಂದು ಅವಳ ಸಂಕಟ. ಆದರೂ ಕೆಲವು ತಿಂಗಳು ಏಟು ತಿನ್ನುವಂತಿಲ್ಲ, ಓಡುವಂತಿಲ್ಲ, ಬೆಳಕು ಕಣ್ಣಿಗೆ ಚುಚ್ಚಿದರೆ ಮಲಗಿರಬೇಕು ಎಂದು ಡಾಕ್ಟರು ತಾಕೀತು ಮಾಡಿದರು. ಮಾಸ್ಟ್ರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವಳು ಅವರ ಮುಂದೆಯೇ ಹಾದು ಹೋದಳು.

ಬೆಳಿಗ್ಗೆ ಕಲ್ಪನಾ ಆಸ್ಪತ್ರೆಗೆ ಬಂದಳು. ಅವಳ ಒಂದು ಕಣ್ಣು ಮುಚ್ಚಿಹೋಗಿತ್ತು, ಪಕ್ಕೆ ಹಿಡಿದುಕೊಂಡು ಬಾಗಿ ನಡೆಯುತ್ತಿದ್ದಳು. ಅಕ್ಕಾ ಎಂದು ಕರೆದು ಮಂಚದ ತುದಿಯಲ್ಲಿ ಕೂತು ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದಳು. ನಿನ್ನೆ ಸರಿಯಾಗಿ ನಿದ್ದೆ ಬರಲಿಲ್ಲ, ಗೆದ್ದೆ ಎಂದು ಮನೆಗೆ ಫೋನು ಮಾಡಲೂ ಮನಸ್ಸಾಗಲಿಲ್ಲ ಎಂದಳು. ಆರನೆಯ ರೌಂಡಿನ ಹೊತ್ತಿಗೇ ತನ್ನ ಕೈಗಳು ಸೀಸದಂತಾಗಿದ್ದವು ಎಂದೂ ಹೇಳಿದಳು. ಹೊರಡುವಾಗ ಮಾತ್ರ ಒಂದು ಮಾತು ಕೇಳಿದಳು. ಏಳನೆಯ ರೌಂಡಿನಲ್ಲಿ ನೀನು ನನ್ನನ್ನು ನೋಡಿ ನಗುತ್ತಿದ್ದೆಯಲ್ಲ ಅಕ್ಕ, ಯಾಕೆ? ತನಗೆ ಅದನ್ನು ಕಂಡೇ ಹೆದರಿಕೆಯಾಯಿತು ಎಂದಳು. ಗೆಲ್ಲುವಾಗ ಯಾರಿಗೆ ನಗು ಬರುವುದಿಲ್ಲ ಎಂದು ಲೇಖಾ ಉತ್ತರ ಕೊಟ್ಟಳು.

ಕಂಪನಿಗೆ ರಜೆ ಹಾಕಿ ಮುನೀಶ ಅವಳನ್ನು ನಾಟ್ರಾಂಪಾಳ್ಯಕ್ಕೆ ಕರೆದುಕೊಂಡು ಹೋದ. ಅಂಚೆಟ್ಟಿ ದಾಟಿ ಕಾಡಿನ ದಾರಿಯಲ್ಲಿ ಬಸ್ಸು ಕುಲುಕದಂತೆ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದುಕೊಂಡೇ ಹೋದ. ಅತ್ತೆ ಮುನಿಗಂಗಮ್ಮ ಸೊಸೆಯ ಮುಖ ನೋಡಿ ಏನೂ ಕೇಳಲಿಲ್ಲ. ರಾಗಿ ಗಂಜಿ ಕುಡಿಸಿ, ಕತ್ತಲೆಯ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟರು. ಊರಿನ ಹೆಂಗಸರು ಗಂಡ ಹೊಡೆದಿರಬೇಕೆಂದು ಗುಸುಗುಸು ಮಾತಾಡಿದಾಗ ಮಾತ್ರ ಬಾಗಿಲಿಗೆ ಬಂದು, ಆಟದಾಗೆ ಬಿದ್ದಿರೋ ಏಟು, ನಿಮ್ ನಿಮ್ ಮನೆಗೋಗಿ ಎಂದು ಗದರಿದರು.

ತಲೆನೋವು ಕಡಿಮೆಯಾದ ಮೇಲೆ ಲೇಖಾ ಮುನೀಶ ಹಿಡಿದಿದ್ದ ವಿಡಿಯೋ ನೋಡತೊಡಗಿದಳು. ಡಾಕ್ಟರು ಫೋನು ನೋಡಬೇಡ ಎಂದಿದ್ದರೂ ಬಿಡಲಿಲ್ಲ. ಎಲ್ಲ ರೌಂಡೂ ನೋಡಿದಳು. ಹೆಚ್ಚಾಗಿ ನೋಡಿದ್ದು ಏಳನೆಯದನ್ನು. ಅದರಲ್ಲಿ ಅವಳ ಕಾಲು ತಡವರಿಸಲಿಲ್ಲ, ಕೈ ಇಳಿಯಲಿಲ್ಲ, ಒಂದು ಏಟೂ ಸರಿಯಾಗಿ ಬೀಳಲಿಲ್ಲ. ನೋಡಿ ನೋಡಿ ಒಂದೊಂದು ಹೆಜ್ಜೆಯೂ ಬಾಯಿಪಾಠವಾಯಿತು. ಇದನ್ನು ಮಾಸ್ಟ್ರ ಮುಂದೆ ಹಿಡಿದು, ತಪ್ಪಾಯ್ತು ಎನ್ನಿಸದೆ ಬಿಡಬಾರದು ಎಂದು ನಿಶ್ಚಯಿಸಿದಳು.

ಕೆಲಸಕ್ಕೆ ವಾಪಸಾದ ಮೊದಲ ವಾರವೇ, ಶಿಫ್ಟು ಮುಗಿಸಿ ನೇರ ಶೆಡ್ಡಿಗೆ ಹೋದಳು. ಮಧ್ಯಾಹ್ನದ ಹೊತ್ತು, ಮಾಸ್ಟ್ರು ಒಬ್ಬರೇ ಇದ್ದರು. ಹರಿದ ಗುದ್ದುಚೀಲಕ್ಕೆ ಗೋಣಿದಬ್ಬಳದಿಂದ ಹೊಲಿಗೆ ಹಾಕುತ್ತಿದ್ದರು. ಅಷ್ಟೇ ದಿನದಲ್ಲಿ ಸೊರಗಿದ್ದರು. ತಲೆನೋವು ಹೇಗಿದೆ, ಊಟ ಸೇರುತ್ತದಾ ಎಂದು ಕೇಳಿದರು. ಅವಳು ಫೋನು ಮುಂದಿಟ್ಟಳು.

"ಈ ರೌಂಡ್ ನೋಡಿ ಮಾಸ್ಟ್ರೇ. ಇದ್ರಾಗೆ ನಾನೆಲ್ಲಿ ತೂರಾಡ್ತಿದೀನಿ, ತೋರ್ಸಿ."

ಅವರು ಕನ್ನಡಕ ಹಾಕಿಕೊಂಡು ಏಳನೆಯ ರೌಂಡನ್ನು ಕೊನೆಯವರೆಗೂ ನೋಡಿದರು. ಮಧ್ಯೆ ಒಂದು ಸಲ ತಲೆಯಾಡಿಸಿದರು.

"ಭಾಳ ಚೆನ್ನಾಗಿ ಆಡಿದೀಯ," ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಈ ರೌಂಡು ನಿಂಗೆ ಗ್ಯಾಪ್ಕ ಐತಾ ಲೇಖಾ?"

ಯಾಕಿಲ್ಲ ಎಂದು ಅವಳು ಗಡಸಾಗಿ ಹೇಳಿದಳು. ಶುರುವಿನಲ್ಲಿ ಬಲಕ್ಕೆ ಸುತ್ತಿದ್ದು, ಎರಡು ಸಲ ಎಡಗೈ ತಾಗಿಸಿದ್ದು, ಕಲ್ಪನಾ ಎಡವಿದ್ದು, ಎಲ್ಲ ಒಂದಾದ ಮೇಲೊಂದು ಹೇಳುತ್ತಾ ಹೋದಳು.

"ಅದು ಫೋನಿನಾಗೂ ಐತೆ. ಫೋನಿನಾಗೆ ಇಲ್ದೆ ಇರೋದು ಏನಾರ ಒಂದು ಹೇಳು. ಅವಳ ಮಕ ಹೆಂಗಿತ್ತು?"

ಲೇಖಾ ನೆನಪಿಸಿಕೊಳ್ಳಲು ನೋಡಿದಳು. ಕಲ್ಪನಾಳ ಮುಖ ಬರಲಿಲ್ಲ. ಬಂದದ್ದು ತನ್ನದೇ ಬೆನ್ನು. ತನ್ನ ಜಡೆ, ತನ್ನ ಬನಿಯನ್ನಿನ ಹಿಂದಿನ ಹೆಸರು, ಅದರಾಚೆ ಮಂಟಪದ ಬಣ್ಣದ ದೀಪಗಳು. ಮುನೀಶ ಕೂತಿದ್ದ ಕುರ್ಚಿಯಿಂದ ಹೇಗೆ ಕಾಣುತ್ತಿತ್ತೋ ಹಾಗೆ. ರಿಂಗಿನೊಳಗೆ ನಿಂತು ನೋಡಿದ್ದು ಒಂದೂ ಇರಲಿಲ್ಲ. ಆರನೆಯ ರೌಂಡಿಗೆ ಹೋಗಿ ಹುಡುಕಿದಳು, ಅಲ್ಲೂ ಬೆನ್ನೇ. ಐದನೆಯದರಲ್ಲಿ ಮಾತ್ರ ಕಲ್ಪನಾಳ ಬೆವೆತ ಹಣೆ, ಹಲ್ಲಿಗಿಟ್ಟ ಕೆಂಪು ಗಮ್‌ಶೀಲ್ಡು, ಹತ್ತಿರದಿಂದ ಕಂಡವು. ಆಮೇಲೆ ಏನೂ ಇಲ್ಲ. ಆಮೇಲಿನದು ಆಸ್ಪತ್ರೆಯ ಮಂಚ.

ಬಟ್ಟೆ ಬದಲಿಸುವ ಕೋಣೆಯಲ್ಲಿ ತಾನು ಕೇಳಿದ ಪ್ರಶ್ನೆಯನ್ನೂ ಮುನೀಶ ಹೇಳಿಯೇ ತಿಳಿದಿದ್ದಳು ಎಂಬುದು ಆಗ ಹೊಳೆಯಿತು. ಅವಳು ಮೆಲ್ಲಗೆ ಹಳೆಯ ಟೈರಿನ ಮೇಲೆ ಕೂತುಕೊಂಡಳು.

ಮಾಸ್ಟ್ರು ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು ನಡೆದದ್ದನ್ನು ಹೇಳಿದರು.

"ಐದನೇದು ಮುಗ್ಸಿ ಬಂದು ಸ್ಟೂಲ್ ಮ್ಯಾಲೆ ಕುಂತೆ. 'ಮೂರೂ ಮುಗ್ದೋಯ್ತಲ್ಲ ಮಾಸ್ಟ್ರೇ, ಕೈ ಯಾವಾಗ ಎತ್ತಾರೆ' ಅಂತ ಕೇಳ್ದೆ. ಎಂಟು ರೌಂಡು ಕಣಮ್ಮ, ಇನ್ನೂ ಮೂರೈತೆ ಅಂದೆ. ಹೌದಲ್ಲ ಅಂತ ನಕ್ಕೆ. ಬಾಯ್ತಪ್ಪಿ ಬಂತೇನೋ ಅಂದ್ಕೊಂಡೆ ನಾನು." ಕನ್ನಡಕವನ್ನು ಮಡಚಿ ಜೇಬಿಗಿಟ್ಟರು. "ಅಂದ್ಕೊಂಡೆ ಅನ್ನೋದೂ ಸುಳ್ಳು. ಹಂಗೇ ಇರ್ಲಿ ಅಂತ ಆಸೆಪಟ್ಟೆ. ಯಾಕೆಂದ್ರೆ ನೀನು ಗೆಲ್ತಿದ್ದೆ."

ಆರನೆಯ ರೌಂಡಿನಲ್ಲಿ ಅವಳು ಅಷ್ಟು ಚೆನ್ನಾಗಿ ಆಡಿದ್ದನ್ನು ನೋಡಿ ಅವರಿಗೆ ಧೈರ್ಯ ಬಂದಿತ್ತು. ಆದರೆ ಒಂದು ವಿಷಯ ಕೊರೆಯುತ್ತಿತ್ತು. ಇಷ್ಟು ತಿಂಗಳು ಹೇಳಿಕೊಟ್ಟ ಕಾಲೂರುವುದು, ಪಕ್ಕೆಗೆ ಹೊಡೆಯುವುದು, ಉಸಿರು ಉಳಿಸುವುದು, ಯಾವುದೂ ಆ ಆಟದಲ್ಲಿ ಇರಲಿಲ್ಲ. ಮೂರು ರೌಂಡಿನ ಹಳೆಯ ಹುಡುಗಿ ಆಡುತ್ತಿದ್ದಳು. ಏಳನೆಯದು ಮುಗಿಸಿ ಬಂದು ಕೂತಾಗ, ಕೊಯಮತ್ತೂರಿನಿಂದ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳಂತೆ. ಅವರು ಬಾಯಿ ತೆಗೆಯುವಷ್ಟರಲ್ಲಿ ಗಂಟೆ ಹೊಡೆದು, ಅವಳು ಎದ್ದು ಹೋಗಿಬಿಟ್ಟಿದ್ದಳು.

ಡಾಕ್ಟರಿಗೆ ಇದೆಲ್ಲವನ್ನೂ ಅವತ್ತೇ ಹೇಳಿದ್ದರು. ಅದಕ್ಕೇ ಸ್ಕ್ಯಾನು ಮಾಡಿಸಿದ್ದು. ಐದನೆಯ ರೌಂಡಿನ ಏಟಿಗೆ ತಲೆ ಒಳಗೆ ಅದುರಿದೆ, ಅಂಥದ್ದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಎಂದಿದ್ದರಂತೆ ಡಾಕ್ಟರು. ಅವಳಿಗೂ ಮುನೀಶನಿಗೂ ಮಾತ್ರ ಹೇಳಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಲೇಖಾ.

"ಹೇಳಿದ್ರೆ, ಐದನೇದಕ್ಕೇ ಯಾಕೆ ನಿಲ್ಲಿಸ್ಲಿಲ್ಲ ಅಂತ ಕೇಳ್ತಿದ್ದೆ. ಅದಕ್ಕೆ ನನ್ತಾವ ಉತ್ತರ ಇಲ್ಲ. ಬೈಸ್ಕೊಳೋದೇ ಆದ್ರೆ ಟವೆಲ್ ಎಸೆದಿದ್ದಕ್ಕೆ ಬೈಸ್ಕೊಳಾಣ ಅಂತ ಸುಮ್ಕಿದ್ದೆ."

ಲೇಖಾಳಿಗೆ ಅವತ್ತು ರಿಂಗಿನಲ್ಲಾಗದ ಹೆದರಿಕೆ ಈಗ ಆಯಿತು. ಕಲ್ಪನಾಳ ಮುಂದೆ ಎರಡು ರೌಂಡು ನಗುತ್ತಾ ಆಡಿದವಳು ಯಾರು? ಕಲ್ಪನಾಳ ಬಲಗೈ ಇನ್ನೊಂದು ಸಲ ಅದೇ ಜಾಗಕ್ಕೆ ಬಿದ್ದಿದ್ದರೆ? ಬಹಳ ಹೊತ್ತು ತನ್ನ ಎಡ ಕಪಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಮಾಸ್ಟ್ರು ನೀರು ತಂದುಕೊಟ್ಟರು.

"ಐದನೇದಕ್ಕೆ ನಿಲ್ಲಿಸೋಕೆ ಬಂದಿದ್ರೂ ನಾ ಬಿಡ್ತಿರ್ಲಿಲ್ಲ," ಎಂದಳು ಕೊನೆಗೆ. "ಜಗಳ ಆಡಿ ಎದ್ದು ಹೋಗ್ತಿದ್ದೆ."

"ಬಿಡಬ್ಯಾಡ. ನೀನು ಹೋಗ್ತೀನಿ ಅನ್ಬೇಕು, ನಾನು ನಿಲ್ಲುಸ್ಬೇಕು. ಅದು ನನ್ ಕೆಲ್ಸ. ಎರಡು ರೌಂಡು ನಾನು ಆ ಕೆಲ್ಸ ಮಾಡ್ಲಿಲ್ಲ."

ಇನ್ನು ಮುಂದೆ ನಿನಗೆ ಬೇರೆ ಯಾರನ್ನಾದರೂ ನೋಡಿಕೊಡುತ್ತೇನೆ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದೂ ಅವರು ಹೇಳಿದರು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ಕಂಡದ್ದನ್ನು ಕಂಡ ತಕ್ಷಣ ಮಾಡಿ ಎಂದಳು ಲೇಖಾ. ಮಾತು ಒರಟಾಗಿಯೇ ಬಂತು. ಅವಳ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅದು ಟವೆಲಿನಿಂದ ಹಿಂದೆ ಸರಿದು ಐದನೆಯ ರೌಂಡಿನ ಸ್ಟೂಲಿನ ಹತ್ತಿರ ಹೋಗಿ ನಿಂತಿತ್ತು. ಅಲ್ಲಿಂದ ಕರಗಲು ಇನ್ನೂ ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಅವಳು ಶೆಡ್ಡಿಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದಳು. ಮಾಸ್ಟ್ರು ಹೊಸ ಹುಡುಗಿಯರಿಗೆ ಕಾಲು ಇಡುವುದನ್ನು ಹೇಳಿಕೊಡುವಾಗ, ಮಧ್ಯೆ ಬಾಯಿ ಹಾಕಿ ತಿದ್ದುತ್ತಿದ್ದಳು. ಮನೆಯಲ್ಲಿ ಮುನೀಶನಿಗೆ ಎಲ್ಲವನ್ನೂ ಹೇಳಿದಳು. ಅವನು ಫೋನು ತೆಗೆದು ಆ ವಿಡಿಯೋವನ್ನು ಅಳಿಸಿಬಿಟ್ಟ. ಅವಳು ಬೇಡ ಎನ್ನಲಿಲ್ಲ.

ಬಾಕ್ಸಿಂಗ್ ಬಿಟ್ಟುಬಿಡು ಎಂಬ ಮಾತು ಮುನೀಶನ ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೂ ಅದು ಗೊತ್ತಿತ್ತು. ಕೊನೆಗೆ ಅವಳೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಇವನ ಮುಂದೆಯೇ ಹೇಳಿ ಎಂದು ಕೇಳಿಸಿದಳು. ತಿಂಗಳುಗಟ್ಟಲೆ ವಿಶ್ರಾಂತಿಯ ನಂತರ ಮತ್ತೆ ಪರೀಕ್ಷೆ ಮಾಡಿ, ಆಡಬಹುದು, ಆದರೆ ಇಂಥದ್ದು ಇನ್ನೊಂದು ಸಲವಾದರೆ ಅಲ್ಲಿಗೆ ಮುಗಿಸಬೇಕು ಎಂದರು ಡಾಕ್ಟರು. ಲೇಖಾ ಒಪ್ಪಿಕೊಂಡಳು. ಮುನೀಶ ತಲೆಯಾಡಿಸಿದ. ಒಪ್ಪಿದ್ದಕ್ಕೋ ಸೋತದ್ದಕ್ಕೋ, ಅವನೇ ಬಲ್ಲ.

ಕಲ್ಪನಾಳ ಜೊತೆ ಮತ್ತೆ ಪಂದ್ಯ ನಡೆದದ್ದು ಮುಂದಿನ ವರ್ಷ, ಚೆನ್ನೈಯಲ್ಲಿ. ಕೇಳಿದವಳು ಕಲ್ಪನಾಳೇ. ಅದೇ ಎಂಟು ರೌಂಡು. ಲೇಖಾ ಈ ಸಲ ಮೊದಲಿನಿಂದಲೂ ನಿಧಾನವಾಗಿ ಆಡಿದಳು. ಎಡ ಕಪಾಳದ ಹತ್ತಿರದ ಕೈಯನ್ನು ಇಳಿಸಲೇ ಇಲ್ಲ. ಆ ಕೈಯಿಂದ ಹೊಡೆಯುವುದು ಕಡಿಮೆಯಾಗಿ ಎರಡು ರೌಂಡು ಸೋತಳು. ಸೋತರೂ ಅವಸರ ಮಾಡಲಿಲ್ಲ. ಪಕ್ಕೆಗೆ ಒಂದೊಂದೇ ಭಾರದ ಏಟು ಹಾಕುತ್ತಾ ಬಂದಳು. ಅವು ಅಂಕಪಟ್ಟಿಯಲ್ಲಿ ಆಗಲೇ ಕಾಣುವ ಏಟುಗಳಲ್ಲ, ಎರಡು ಮೂರು ರೌಂಡು ಕಳೆದ ಮೇಲೆ ಎದುರಾಳಿಯ ಕಾಲಿನಲ್ಲಿ ಕಾಣುವಂಥವು. ಆರನೆಯದರಲ್ಲಿ ಕಲ್ಪನಾ ಬಾಯಿ ತೆರೆದು ಉಸಿರಾಡತೊಡಗಿದಳು. ಏಳನೆಯದರಲ್ಲಿ ಒಂದು ಗುದ್ದಿಗೆ ಅವಳ ಮೊಣಕಾಲು ಬಾಗಿ, ಬೀಳುವಂತಾಗಿ ಬೀಳದೆ ನಿಂತಳು. ಎಂಟನೆಯದರಲ್ಲಿ ಆ ಹುಡುಗಿಯೂ ಎಲ್ಲಿಂದಲೋ ಶಕ್ತಿ ತಂದುಕೊಂಡು ಬಂದಳು. ಗಂಟೆ ಹೊಡೆದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿಕೊಂಡಿದ್ದರು.

ಒಬ್ಬ ಜಡ್ಜು ಲೇಖಾಳಿಗೆ ಕೊಟ್ಟ, ಒಬ್ಬ ಕಲ್ಪನಾಳಿಗೆ ಕೊಟ್ಟ, ಮೂರನೆಯವನು ಸಮ ಎಂದ. ರೆಫರಿ ಇಬ್ಬರ ಕೈಯನ್ನೂ ಎತ್ತಿದ. ಜನರಿಗೆ ಸಮಾಧಾನವಾಗಲಿಲ್ಲ, ಇಬ್ಬರಿಗೂ ಆಗಲಿಲ್ಲ. ತಾನೇ ಗೆದ್ದದ್ದೆಂದು ಲೇಖಾ ಇವತ್ತಿಗೂ ಹೇಳುತ್ತಾಳೆ. ಕಲ್ಪನಾಳೂ ಹಾಗೆಯೇ ಹೇಳುತ್ತಾಳಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಹನುಮಂತರಾಯಪ್ಪ ಕಿಟಕಿಯ ಪಕ್ಕ ಕೂತಿದ್ದರು. ವೆಲ್ಲೂರು ದಾಟುವವರೆಗೂ ಲೇಖಾ ಮಾತು ನಿಲ್ಲಿಸಲಿಲ್ಲ. ಒಂದನೆಯ ರೌಂಡಿನಿಂದ ಹಿಡಿದು ಯಾವ ಏಟು ಎಲ್ಲಿ ತಾಗಿತು, ಯಾವುದು ತಪ್ಪಿತು, ಕಲ್ಪನಾ ತಬ್ಬಿ ಹಿಡಿದಾಗ ಕಿವಿಯಲ್ಲಿ ಏನೆಂದು ಬೈದಳು, ಎಲ್ಲವನ್ನೂ ಹೇಳಿದಳು. ಮುನೀಶ ಹಿಂದಿನ ಸೀಟಿನಿಂದ ಬಗ್ಗಿ ಕೇಳುತ್ತಿದ್ದ. ಮಾಸ್ಟ್ರು ಒಂದು ಕಡೆ ತಡೆದು, ನಾಲ್ಕನೆಯ ರೌಂಡಿನಲ್ಲಿ ಅವಳು ಬಲಕ್ಕೆ ಸುತ್ತಿದ್ದು ತಪ್ಪು, ಎಡಕ್ಕೆ ಸುತ್ತಬೇಕಿತ್ತು ಎಂದರು. ಅವಳು ಒಪ್ಪಲಿಲ್ಲ. ಅಲ್ಲಿ ಹಗ್ಗವಿತ್ತು ಎಂದಳು.

ಹಗ್ಗ ಇನ್ನೂ ಎರಡು ಹೆಜ್ಜೆ ಆಚೆಗಿತ್ತು ಎಂದರು ಅವರು. ಬಸ್ಸು ಆಂಬೂರಿನಲ್ಲಿ ಊಟಕ್ಕೆ ನಿಲ್ಲುವವರೆಗೂ ಆ ವಾದ ಮುಗಿಯಲಿಲ್ಲ.